ಬೆರಳು ಹೋಗುವ ಬಿರುಕು

ಲಗ್ಗೆರೆಯ ಪೇಂಟ್ ಅಂಗಡಿಯ ರುದ್ರಮುನಿಯಪ್ಪನವರನ್ನು ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿ ಕೇಳಿದರೆ ಮೊದಲು ಸಿಗುವುದು ಪ್ರಶ್ನೆ: “ಬಿರುಕಲ್ಲಿ ಉಗುರು ಹೋಗತ್ತಾ, ಬೆರಳು ಹೋಗತ್ತಾ?” ಕೂದಲೆಳೆಯಷ್ಟು ಗೀರಿದ್ದರೆ ಪುಟ್ಟಿ ಕೊಡುತ್ತಾರೆ, ಕಿಟಕಿ ಚೌಕಟ್ಟಿನ ಸಂದಿಯಾದರೆ ರಬ್ಬರಿನಂತೆ ಹಿಗ್ಗುವ ಸೀಲೆಂಟ್, ಗೋಡೆ ಒದ್ದೆಯಿದ್ದರೆ, “ಒಣಗಿಸ್ಕೊಂಡು ಬನ್ನಿ ಸಾರ್” ಎಂದು ಬರಿಗೈಯಲ್ಲಿ ಕಳಿಸುತ್ತಾರೆ. “ಪುಟ್ಟಿ ಕೊಡಿ ಅಂದ್ರೆ ಪೊಲೀಸ್ ಥರ ಕೇಳ್ತೀರಲ್ರೀ!” ಎಂದು ಸಿಡುಕಿ ಪಕ್ಕದಂಗಡಿಗೆ ಹೋಗುವವರೇ ಹೆಚ್ಚು. ಬೆರಳು ಹೋಗುತ್ತದೆ ಎಂದವರ ಮನೆಗಂತೂ ಷಟರ್ ಎಳೆದು, ಗೋಡೆ ನೋಡಲು ತಾವೇ ಹೊರಟುಬಿಡುತ್ತಾರೆ. ವ್ಯಾಪಾರ ಕೆಟ್ಟರೂ ಹೆಂಡತಿ ಮಹಾದೇವಿಯೇ ಟಾರ್ಚ್ ತಂದು ಕೈಗಿಡುತ್ತಾರೆ. ಆರು ವರ್ಷದ ಹಿಂದೆ ಹಿಂಬದಿಯ ಬೀದಿಯಲ್ಲಿ ಬಾಡಿಗೆಗಿದ್ದ ಹೇಮಲತಾ ಒಂದೇ ಬಿರುಕಿಗೆ ಮೂರು ಸಲ ಪುಟ್ಟಿ ಒಯ್ದಿದ್ದಳು. ಮೂರು ಸಲವೂ ಅವರು ಏನನ್ನೂ ಕೇಳದೆ ಕೊಟ್ಟಿದ್ದರು. ಆಮೇಲೊಂದು ಬೆಳಿಗ್ಗೆ ಆ ಗೋಡೆ ಅವಳ ಮೇಲೆಯೇ ಕುಸಿಯಿತು. ಇಟ್ಟಿಗೆ ಸರಿಸಿ ಅವಳ ದೇಹವನ್ನು ಎತ್ತಿದವರಲ್ಲಿ ರುದ್ರಮುನಿಯಪ್ಪನವರೂ ಒಬ್ಬರು.