ಭಾವನ ತಲೆಪಟ್ಟಿ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿಯುವ ನನ್ನ ಧೈರ್ಯ ಸ್ಕ್ರೀನ್‌ಗಾರ್ಡ್‌ನಷ್ಟೇ ದಪ್ಪ. ಇರುವುದು, ಉಣ್ಣುವುದು ಎಲ್ಲ ಅಕ್ಕನ ಮನೆಯಲ್ಲಿ. ಭಾವನದು ಲಾರಿ ಟೈರು ಬಿಚ್ಚಿ ಹಾಕುವ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಸುತ್ತಿಗೆ’ ಎನ್ನುತ್ತಿದ್ದರು. ಜಾಕ್ ಓರೆಯಾಗಿಟ್ಟ ಡ್ರೈವರನೊಬ್ಬನ ದವಡೆ ಮುರಿದಿದ್ದ. ನಮ್ಮ ಬಚ್ಚಲ ಬಾಗಿಲಲ್ಲಿ ಅವನ ಮುಷ್ಟಿಯ ಅಳತೆಯ ತೂತಿತ್ತು. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೆವು. ಆದರೆ ಹೊಡೆದು ಮುಗಿಸಿದ ಮೇಲೆ ಅವನಷ್ಟು ಸೌಮ್ಯ ಮನುಷ್ಯ ಇನ್ನೊಬ್ಬನಿಲ್ಲ. ಮುರಿದ ಕುರ್ಚಿಗೆ ತಾನೇ ಮೊಳೆ ಬಡಿಯುತ್ತಿದ್ದ, ಅಕ್ಕನ ಕೆನ್ನೆಗೆ ತಾನೇ ಐಸು ಒತ್ತುತ್ತಿದ್ದ.

ಅಕ್ಕನ ಮಣಿಕಟ್ಟು ಮುರಿದ ದಿನ, ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಹೇಳಿದಳು: “ಇನ್ನೊಂದ್ಸಲ ಈ ಮನೇಲಿ ಯಾರ ಮೇಲಾದ್ರೂ ಕೈ ಎತ್ತಿದ್ರೆ ನಾನಿರಲ್ಲ ರೀ.”

ಭಾವ ನಿಜಕ್ಕೂ ಹೆದರಿದ. ನಾನು ಮಹಾ ಬುದ್ಧಿವಂತನಂತೆ ಅಂಗಡಿಯಿಂದ ಒಂದು ತಲೆಪಟ್ಟಿ ತಂದೆ. ಹಣೆಗೆ ಕಟ್ಟಿಕೊಂಡರೆ ಅದು ಮಿದುಳಿನ ಅಲೆಗಳನ್ನು ಓದಿ, ಹತ್ತಿಪ್ಪತ್ತು ಹೆಜ್ಜೆಯೊಳಗಿದ್ದರೆ ತಂತಿಯಿಲ್ಲದೆ ಫೋನಿಗೆ ಕಳಿಸುತ್ತದೆ. ಮನಸ್ಸು ತಿಳಿಯಾದಾಗ ಫೋನಿನಲ್ಲಿ ಗಂಟೆ ಬಡಿಯುತ್ತದೆ. ದಿನಾ ಅಭ್ಯಾಸ ಮಾಡಿದರೆ ಸಿಟ್ಟು ಹಿಡಿತಕ್ಕೆ ಬರುತ್ತದಂತೆ.

“ಏನೋ ಇದು, ತಲೆ ಒಡೆಸ್ಕೊಂಡೋರು ಕಟ್ಕೊಳ್ಳೋ ಪಟ್ಟಿ ಥರ ಇದೆ?”

ಒಡೆಯೋರಿಗೂ ಒಂದಿರಲಿ ಅಂತ, ಎಂಬ ಉತ್ತರವನ್ನು ನುಂಗಿಕೊಂಡೆ.

ಸಂಜೆ ಸಂಜೆ ಭಾವ ಕಣ್ಮುಚ್ಚಿ ಕೂತ. ಅಕ್ಕ ಅಡುಗೆಮನೆ ಬಾಗಿಲಲ್ಲಿ ಕಿವಿ ನೆಟ್ಟು ನಿಂತಳು. ಗಂಟೆ ಬಡಿಯಲೇ ಇಲ್ಲ. ಒಂದು ಸಂಜೆ ನನ್ನ ಬಾಯಿ ಸುಮ್ಮನಿರಲಿಲ್ಲ.

“ಭಾವ, ಹಲ್ಲು ಕಚ್ಚಬೇಡಿ. ಸ್ವಲ್ಪ ಸಡಿಲ ಬಿಡಿ.”

“ನನಗೇ ಹೇಳ್ಕೊಡ್ತೀಯೇನೋ?”

ಕುರ್ಚಿ ಮೊದಲು ನನ್ನ ಭುಜಕ್ಕೆ ಬಿತ್ತು, ಆಮೇಲೆ ಬಾಯಿಗೆ. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಸಾಕಾದ ಮೇಲೆ ಗೋಡೆಗೊರಗಿ ಕೂತ. ಏದುಸಿರು ನಿಧಾನವಾಗಿ ಇಳಿಯಿತು.

ಟಿಣ್.

ಮತ್ತೆ ಟಿಣ್, ಟಿಣ್.

“ಬಂತು ಕಣೇ! ಕೇಳಿಸ್ತಾ?” ಅವನ ಮುಖ ಅರಳಿತ್ತು, ಕೈಯಲ್ಲಿ ನನ್ನ ರಕ್ತವಿತ್ತು. ನೆಲದ ಮೇಲೆ ಹಲ್ಲು ಹುಡುಕುತ್ತಿದ್ದ ನನಗೂ, ಮಾಲು ಕೆಟ್ಟಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು.

ಅಕ್ಕ ಒಂದೇ ಕೈಯಲ್ಲಿ ಅವನ ಹಣೆಯ ಪಟ್ಟಿ ಕಿತ್ತು ತಾನು ಹಾಕಿಕೊಂಡಳು. “ಈಗ ನನ್ನ ತಲೇಲೂ ಬಡಿಯುತ್ತಾ ಕೇಳಿ.”

ಭಾವ ಫೋನು ಹಿಡಿದು ಕಾದ. ಸದ್ದಿಲ್ಲ. ಅಕ್ಕ ನನ್ನ ರಟ್ಟೆ ಹಿಡಿದೆಬ್ಬಿಸಿ ಮೆಟ್ಟಿಲಿಳಿಸಿದಳು. ಬೀದಿಗೆ ಬಂದು ನಿಂತು, ಉದ್ದಕ್ಕೆ ಉಸಿರೆಳೆದುಕೊಂಡಳು. ಮೇಲಿನ ಕಿಟಕಿಯಿಂದ ಕೇಳಿಸಿತು: ಟಿಣ್.

“ನಿಂದೂ ಬಂತು ಕಣೇ! ಬಾ ಮೇಲಕ್ಕೆ!”

ಅಕ್ಕ ತಲೆಯೆತ್ತಲಿಲ್ಲ, ಪಟ್ಟಿಯನ್ನೂ ಬಿಚ್ಚಲಿಲ್ಲ. ಪಕ್ಕದ ಮನೆ ದಾಟುವಷ್ಟರಲ್ಲಿ ಗಂಟೆ ನಿಂತಿತು. ನಾನು ಹಲ್ಲನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಕುಂಟಿದೆ.