ಬೇರೆ ಕಂಪನಿಗೆ ಮಣೆ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ, ಎಲ್ಲರೂ ಅಕ್ಕ ಎನ್ನುತ್ತಿದ್ದ ಒಬ್ಬರ ಬಳಿ, ಎಂ.ಎ. ಮುಗಿಸಿದ ವರ್ಷ, ನಾನು ಪ್ರೂಫ್ ನೋಡುತ್ತಿದ್ದೆ. ಅವರ ಮುಖ ಮಸುಕಾಗಿದೆ, ಮೊಣಕೈ ನೆನಪಿದೆ. ಪತ್ರಿಕೆ ಕತ್ತರಿಸುವ ಮಷೀನಿನ ಹಿಡಿ ತಿರುಗಿಸುವಾಗ ಗೋಡೆಗೆ ತಾಗಿ ಅದಕ್ಕೆ ಸದಾ ಸುಣ್ಣ ಮೆತ್ತಿರುತ್ತಿತ್ತು.

ಮಷೀನು ಒಂದು ಕಂಪನಿಯದು. ಪತ್ರಿಕೆಯನ್ನು ಕಳಶ, ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸುವ ಡೈಗಳು ಸಿಕ್ಕಸಿಕ್ಕ ಕಂಪನಿಯವು. ಕೆಲವು ತೆಳ್ಳಗಿದ್ದು ಪೂರ್ತಿ ಕತ್ತರಿಸುತ್ತಿರಲಿಲ್ಲ. ಆಗ ಅಕ್ಕ ಹಾಳೆಯಡಿ ಒಂದು ರಟ್ಟು ತುರುಕುತ್ತಿದ್ದರು.

"ಬೇರೆ ಕಂಪನಿ ಡೈ ಅಂದ್ರೆ ಬೀಗರ ಕಡೆಯೋರು ಮಾರಾಯ, ಮಣೆ ಹಾಕಿದ್ರೆ ಬಗ್ತಾರೆ."

ಒಮ್ಮೆ ಭದ್ರಾವತಿ ನ್ಯೂ ಟೌನಿನಿಂದ ಬಂದ ವರನ ತಂದೆ, ಮಾದರಿ ಒಪ್ಪಿಗೆಯಾದರೆ ಮಾತ್ರ ಆರ್ಡರ್ ಎಂದರು. ಕತ್ತರಿಸಿಕೊಟ್ಟದ್ದನ್ನು ಬೆಳಕಿಗೆ ಹಿಡಿದು ಹೌಹಾರಿದರು.

"ನಮ್ ಹುಡುಗನ ಪಕ್ಕ ಇದ್ಯಾವ ಹೆಣ್ಣಿನ ಹೆಸರಮ್ಮ ಉಬ್ಬಿರೋದು?"

ನನ್ನ ಪ್ರೂಫಿನಲ್ಲಿ ಅದು ಇರಲಿಲ್ಲ. ರಟ್ಟಿನ ಬದಲು ಮಣೆಯಾಗಿ ಹಾಕಿದ್ದು ಅಕ್ಕನದೇ ಮದುವೆಯ ಹಳೆಯ ಲಗ್ನಪತ್ರಿಕೆ. ಅದರ ಉಬ್ಬಕ್ಷರ ಹೊಸದಕ್ಕೆ ಮೂಡಿತ್ತು.

"ನಾನೇ ಸಾರ್. ಹೆದರ್ಬೇಡಿ, ಮಂಟಪಕ್ಕೆ ಬರಲ್ಲ."

ವರನ ತಂದೆ ನಕ್ಕರು ಎಂದು ಬರೆಯಲು ಆಸೆ. ನಕ್ಕರೋ ಇಲ್ಲವೋ, ಖಾತ್ರಿಯಿಲ್ಲ. "ಇನ್ನೊಂದು ತೆಗೀರಿ, ನೋಡ್ತೀನಿ" ಎಂದು ಕೂತದ್ದು ಮಾತ್ರ ಗೊತ್ತು.

ಅಷ್ಟೇ ದಪ್ಪದ ರಟ್ಟು ಬೇರೆ ಇರಲಿಲ್ಲ. ಅಕ್ಕ ಚಮಚದ ಬೆನ್ನಿನಿಂದ ತಮ್ಮ ಹೆಸರನ್ನು ಉಜ್ಜಿ ಸಪಾಟು ಮಾಡಿದರು. ಪಕ್ಕದಲ್ಲಿದ್ದ ಗಂಡನ ಹೆಸರನ್ನು ಇನ್ನೂ ಜೋರಾಗಿ ಉಜ್ಜಿದರು. ಅದನ್ನೇ ಮತ್ತೆ ಅಡಿಗಿಟ್ಟು ಹಿಡಿ ತಿರುಗಿಸಿದರು.

ಹೊಸ ವೀಳ್ಯದೆಲೆಯ ಮೇಲೆ ವರನ ತಂದೆ ಎರಡು ಸಲ ಬೆರಳಾಡಿಸಿದರು.

"ಈಗ ಯಾರೂ ಇಲ್ಲ. ಮಾಡಮ್ಮ" ಎಂದರು.