ಕೆಂಪು ಕೊಡೆಯ ಹೆಂಗಸು

ಒತಾರು ಊರಿನಲ್ಲಿ ಹಿಮಕ್ಕೆ ಕೊಡೆ ಹಿಡಿಯುವವರು ಪ್ರವಾಸಿಗರು ಮಾತ್ರ. ಊರಿನವರು ಟೋಪಿ ಎಳೆದುಕೊಂಡು ನಡೆದು, ಬಾಗಿಲಲ್ಲಿ ಮೈ ಕೊಡವಿ ಒಳಗೆ ಹೋಗುತ್ತಾರೆ. ಆದರೆ ನಿಶಿಗಾಕಿ ತೊಕುಜಿಯ ಹೆಂಡತಿ ಫುಸಾಯೆ ಇಪ್ಪತ್ತೆಂಟು ಚಳಿಗಾಲ ಕೆಂಪು ಕೊಡೆ ಹಿಡಿದು ಬೀದಿಯಲ್ಲಿ ನಡೆದಳು. ಗಂಡನ ಫೋಟೋಗೆ ಬಣ್ಣ ಬೇಕಿತ್ತು.

ತೊಕುಜಿ ರೈಲು ನಿಲ್ದಾಣದಲ್ಲಿ ಟಿಕೆಟ್ಟಿಗೆ ತೂತು ಹೊಡೆಯುವವನು. ರಜೆ ಬಂತೆಂದರೆ ಕೊರಳಿಗೆ ಕ್ಯಾಮೆರಾ. ಬೆಳ್ಳಗೆ ಮುಚ್ಚಿಹೋದ ಬೀದಿಗಳಲ್ಲಿ ಬಣ್ಣ ಹುಡುಕುವ ಹುಚ್ಚು ಅವನಿಗೆ. ಮೀನಂಗಡಿಯ ನೀಲಿ ತಾಡಪಾಲು, ಶಾಲೆಮಕ್ಕಳ ಹಳದಿ ಟೋಪಿ, ಏನೂ ಸಿಗದ ದಿನ ಹೆಂಡತಿ.

"ಆ ಇಳಿಜಾರಲ್ಲಿ ಕೆಳಗೆ ಹೋಗ್ತಾ ಇರು. ತಿರುಗ್ಬೇಡ. ಮುಖ ಬಂದ್ರೆ ಚಿತ್ರ ಕೆಟ್ಟೋಗುತ್ತೆ."

"ನಿಮಗೆ ಬೇಕಿರೋದು ಕೊಡೆ ತಾನೇ? ಒಂದು ಕೋಲಿಗೆ ಕಟ್ಕೊಳ್ರೀ."

"ಕೋಲು ನಡೆಯಲ್ವಲ್ಲ."

ಪಕ್ಕದ ಮನೆಯವಳು ಬಿಡುತ್ತಿರಲಿಲ್ಲ. "ಏನಮ್ಮ ಫುಸಾಯೆ, ಇವತ್ತೂ ಪ್ರವಾಸಕ್ಕೆ ಹೊರಟ್ಯಾ?" ಫುಸಾಯೆ ಕೊಡೆ ಬಿಚ್ಚಿಕೊಂಡು ನಡೆಯುತ್ತಿದ್ದಳು, ಮನೆಗೆ ಬಂದು ಮರಗಟ್ಟಿದ ಬೆರಳುಗಳನ್ನು ಒಲೆಗೆ ಹಿಡಿಯುತ್ತಿದ್ದಳು. ಅಂಥದೊಂದು ಚಿತ್ರಕ್ಕೆ ಫೋಟೋ ಸಂಘದ ಎರಡನೇ ಬಹುಮಾನ ಬಂತು. ನಿಲ್ದಾಣದ ಗೋಡೆಗೆ ಅದನ್ನು ತೂಗುಹಾಕಿದರು. ಕೆಳಗೆ ತೊಕುಜಿಯ ಹೆಸರಿತ್ತು, ನಡೆದವಳದು ಇರಲಿಲ್ಲ.

ಒಂದು ಫೆಬ್ರವರಿ ಬೆಳಿಗ್ಗೆ ಮನೆ ಮುಂದಿನ ಹಿಮ ಎತ್ತಿಹಾಕುವಾಗ ಫುಸಾಯೆ ಕುಸಿದಳು, ಮತ್ತೆ ಏಳಲಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವವನು ಬಂದು ಶವದ ಮುಂದೆ ಹೂವಿನಿಂದ ಅಲಂಕರಿಸುವ ಪೀಠದ ಮೇಲಿಡಲು ಮುಖ ಸ್ಪಷ್ಟವಾಗಿರುವ ಫೋಟೋ ಕೇಳಿದ. "ಕ್ಯಾಮೆರಾ ಇರೋ ಮನೆ, ನಿಮಗೇನು ಬಿಡಿ," ಎಂದ.

ತೊಕುಜಿ ಡಬ್ಬಿಗಳನ್ನು ಬಿಚ್ಚಿ, ಸ್ಲೈಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಬೆನ್ನು. ಕೊಡೆ. ಬೆನ್ನು. ಮದುವೆ ಫೋಟೋದಲ್ಲಿ ಮದುಮಗಳಿಗೆ ಬಳಿಯುವ ಬಿಳಿ ಪೌಡರಿನಡಿ ಇಪ್ಪತ್ತೆರಡರ ಯಾವಳೋ ಹುಡುಗಿ. ಒಮ್ಮೆ ಅವಳು ಏನೋ ಹೇಳಲೆಂದು ತಿರುಗಿದ್ದಳು, ಅದೂ ಫಿಲ್ಮಿನಲ್ಲಿ ಸಿಕ್ಕಿತ್ತು. ಕೆಟ್ಟಿತೆಂದು ಅವನೇ ಅದನ್ನು ಎಸೆದಿದ್ದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಕಥೆ ಇದು, ಆದರೆ ನಗಲು ಯಾರಿಗೂ ಮನಸ್ಸಾಗಲಿಲ್ಲ.

ನಾದಿನಿ ಮಿತ್ಸುಯೊ ಬಾಗಿಲಲ್ಲೇ ನಿಂತಿದ್ದಳು. "ಒಂದೂ ಇಲ್ವಾ ಭಾವ?"

"ಹುಡುಕ್ತಿದೀನಿ."

"ನಮ್ಮಕ್ಕನಿಗೆ ಮುಖಾನೂ ಇತ್ತು ಭಾವ."

ಅವನಿಗೆ ಆ ಮಾತಿಗಿಂತ ಏಟು ತಿಂದಿದ್ದರೇ ವಾಸಿಯಿತ್ತು.

ಕೊನೆಗೆ ಫೋಟೋ ಕೊಟ್ಟದ್ದು ಫುಸಾಯೆ ಕೆಲಸ ಮಾಡುತ್ತಿದ್ದ ಮೀನಿನ ಕಾರ್ಖಾನೆಯ ಗೆಳತಿ ಹಟಾನಾಕಾ. ವರ್ಷಾಂತ್ಯದ ಊಟದಲ್ಲಿ ಅಗ್ಗದ ಕ್ಯಾಮೆರಾದಲ್ಲಿ ತೆಗೆದದ್ದು, ಮೂಲೆಯಲ್ಲಿ ತೆಗೆದವಳ ಬೆರಳೂ ಇತ್ತು. ಫುಸಾಯೆ ಬಾಯ್ತುಂಬ ನಗುತ್ತಿದ್ದಳು. ಆ ನಗು ತೊಕುಜಿಗೆ ಪರಿಚಯವೇ ಇರಲಿಲ್ಲ.

ಅಂತ್ಯಕ್ರಿಯೆಯ ವಿಧಿ ಮುಗಿದ ಮೇಲೆ, ಅಲ್ಲಿನ ವಾಡಿಕೆಯಂತೆ, ನೆಂಟರೆಲ್ಲ ಪೀಠದ ಮುಂದೆ ಸಾಲಾಗಿ ಕುಳಿತು ಫೋಟೋ ತೆಗೆಸಿಕೊಳ್ಳಬೇಕು. ನಡುವೆ ತೊಕುಜಿ, ಅವನ ತಲೆಯ ಮೇಲೆ ಹೂಗಳ ಮಧ್ಯೆ ನಗುವ ಫುಸಾಯೆ. ಮದುವೆಯಾದ ಮೇಲೆ ಇಬ್ಬರೂ ಒಂದೇ ಫೋಟೋದಲ್ಲಿ ಸೇರಿದ್ದು ಅದೇ ಮೊದಲು. ಅವನ ಕತ್ತು ಬಗ್ಗಿದ್ದು ಬಗ್ಗಿಯೇ ಇತ್ತು.

ಸ್ಟುಡಿಯೋದವನು ಕ್ಯಾಮೆರಾದ ಹಿಂದಿನಿಂದ ಇಣುಕಿದ.

"ನಡುವೆ ಇರೋ ಯಜಮಾನ್ರೇ, ಸ್ವಲ್ಪ ತಲೆ ಎತ್ತಿ. ಮುಖ ಕಾಣ್ತಿಲ್ಲ."

ಇಪ್ಪತ್ತೆಂಟು ಚಳಿಗಾಲದಲ್ಲಿ ತೊಕುಜಿ ಫುಸಾಯೆಗೆ ಈ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ.